ಒಣನೆಲ್ಲಿಯ ಪೂರ್ವೋತ್ತರ

ಅರಸರ ಚರಿತ್ರೆಗೆ ಶಾಸನಗಳುಂಟು. ಅಡಿಗೆಮನೆಯ ಚರಿತ್ರೆಗೆ ಜಾಡಿಗಳಷ್ಟೇ ಸಾಕ್ಷಿ. ಶಾಸನವನ್ನು ಓದಬಲ್ಲವರು ಹಲವರಿದ್ದಾರೆ. ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ, ಒಳಗಿರುವುದು ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂದು ವಿಚಾರಿಸುವವರು ಕಡಮೆ. ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಅಂಥ ಒಂದು ಜಾಡಿಯನ್ನು ನಾವು ಈಗ ಬಿಚ್ಚಿ ನೋಡೋಣ. ಅದರಲ್ಲಿರುವುದು ನೆಲ್ಲಿಚಟ್ಟು, ಎಂದರೆ ಬೀಜ ತೆಗೆದು ಒಣಗಿಸಿಟ್ಟ ಬೆಟ್ಟದ ನೆಲ್ಲಿಕಾಯಿ. ಕಪ್ಪಗೆ, ಸುಕ್ಕುಗಟ್ಟಿ, ನೋಟಕ್ಕೆ ಏನೂ ಚೆಲುವಿಲ್ಲದ ಪದಾರ್ಥ. ಆದರೆ ಅದರ ಹಿಂದೆ ಒಂದು ನಾಡಿನ ಹವೆ, ಒಂದು ಕಾಡು, ಒಂದು ಜನ, ಒಂದು ಕಾನೂನು ಇಷ್ಟೂ ಇವೆ.

ಮೊದಲು ನೆಲದ ಮಾತು. ಚಾಮರಾಜನಗರಕ್ಕೆ ಅರಿಕುಠಾರವೆಂಬುದು ಹಳೆಯ ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಕಾರಣದಿಂದ ೧೮೧೮ರಲ್ಲಿ ಅದಕ್ಕೆ ಈಗಿನ ಹೆಸರನ್ನಿಟ್ಟರು. ಮೈಸೂರು ಜಿಲ್ಲೆಗೆ ಸೇರಿದ್ದ ಈ ಸೀಮೆ ೧೯೯೭ರಲ್ಲಿ ಬೇರೆ ಜಿಲ್ಲೆಯಾಯಿತು. ಊರಿನ ಮೂಡಲಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು. ಗುಂಡ್ಲುಪೇಟೆಯ ತೆಂಕಲಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಬಂಡೀಪುರದ ಕಾಡು, ಅದರಾಚೆಗೆ ನೀಲಗಿರಿ. ಮುಂಗಾರು ತನ್ನ ನೀರಿನ ಬಹುಪಾಲನ್ನು ಪಡುವಣ ಘಟ್ಟಗಳ ಮೇಲೆ ಸುರಿದು ಇತ್ತ ಬರುವಾಗ ಅದರ ಕೈ ಬರಿದಾಗಿರುತ್ತದೆ. ಹೀಗಾಗಿ ಬೆಟ್ಟದ ಮೇಲೆ ಹಸುರು, ಬಯಲಿನಲ್ಲಿ ರಾಗಿ, ಜೋಳ, ಹುರುಳಿಗಳ ಒಣಬೇಸಾಯ.

ಇಂಥ ಬಯಲಿನಲ್ಲಿ ಬಾಳುವವರಿಗೆ ಕೂಡಿಡುವ ವಿದ್ಯೆ ಹವ್ಯಾಸದ ಮಾತಲ್ಲ. ೧೮೭೬ರಿಂದ ೧೮೭೮ರವರೆಗೆ ಬಂದ ಕ್ಷಾಮವನ್ನು ನೀವು ಕೇಳಿರಬಹುದು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರ ಗಣತಿಯಲ್ಲಿ ೫೦ ಲಕ್ಷಕ್ಕೆ ಮೇಲ್ಪಟ್ಟಿದ್ದುದು, ೧೮೮೧ರ ಗಣತಿಯಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಒಂದು ಜಾಡಿ ನೆಲ್ಲಿಚಟ್ಟು ಕ್ಷಾಮವನ್ನು ತಡೆಯಲಾರದು, ನಿಜ. ಆದರೆ ಸೊಪ್ಪು ತರಕಾರಿ ಕಾಣದ ಬೇಸಗೆಯಲ್ಲಿ ಮುದ್ದೆಯ ಪಕ್ಕಕ್ಕೆ ಏನಾದರೂ ಹುಳಿ ಇರಲೆಂಬ ಮುಂದಾಲೋಚನೆ ಒಣನೆಲದ ಪ್ರತಿಯೊಂದು ಮನೆಯಲ್ಲೂ ಇತ್ತು. ಸೊಂಡೆಕಾಯನ್ನು ಉಪ್ಪುಮಜ್ಜಿಗೆಯಲ್ಲಿ ನೆನಸಿ ಒಣಗಿಸಿಡುವುದು, ಎಲಚಿಹಣ್ಣನ್ನು ಬಿಸಿಲಿಗೆ ಹರಡುವುದು, ನೆಲ್ಲಿಕಾಯನ್ನು ಚಟ್ಟು ಮಾಡುವುದು ಇವೆಲ್ಲ ಒಂದೇ ಮುಂದಾಲೋಚನೆಯ ಬೇರೆಬೇರೆ ರೂಪಗಳು.

ನೆಲ್ಲಿ ಬಲಿಯುವುದು ಕಾರ್ತಿಕದಿಂದ ಮಾಘದವರೆಗೆ. ಉತ್ಥಾನದ್ವಾದಶಿಯ ದಿನ ತುಳಸಿಯ ಜೊತೆಗೆ ನೆಲ್ಲಿಯ ಕೊಂಬೆಯನ್ನು ನೆಟ್ಟು ಪೂಜಿಸುವರಷ್ಟೆ. ಅದೇ ಕಾಯಿಯ ಕಾಲದ ಆರಂಭ. ಹಿಂಗಾರು ಮಳೆ ಹಿಂದೆಗೆದು ಬಿಸಿಲು ತಿಳಿಯಾಗುವುದೂ ಅದಾದ ಬಳಿಕವೇ. ಕಾಯಿ ಬರುವ ಕಾಲವೂ ಒಣಗಿಸುವ ಕಾಲವೂ ಹೀಗೆ ಜೊತೆಗೂಡಿರುವುದು ಈ ಸೀಮೆಯ ಭಾಗ್ಯ.

ಒಣಗಿಸುವ ಕ್ರಮ ಹೀಗೆ. ಕಾಯನ್ನು ತೊಳೆದು, ಬಟ್ಟೆಯಿಂದ ಒರಸಿ, ಗುಂಡುಕಲ್ಲಿನಿಂದ ಮೆಲ್ಲಗೆ ಜಜ್ಜಬೇಕು. ನೆಲ್ಲಿಯ ಮೈಮೇಲೆ ಆರು ಗೆರೆಗಳುಂಟು. ಜಜ್ಜಿದಾಗ ಕಾಯಿ ಆ ಗೆರೆಗಳ ಗುಂಟ ಬಿಚ್ಚಿಕೊಂಡು ಬೀಜ ಬೇರೆಯಾಗುತ್ತದೆ. ಕಬ್ಬಿಣದ ಕತ್ತಿಯನ್ನು ತಾಗಿಸಬಾರದೆಂದು ಹಿರಿಯ ಹೆಂಗಸರು ಹೇಳುತ್ತಿದ್ದುದಕ್ಕೆ ಕಾರಣವುಂಟು. ನೆಲ್ಲಿಯ ಒಗರು ಕಬ್ಬಿಣದೊಡನೆ ಸೇರಿದರೆ ಮಸಿಯಂತೆ ಕಪ್ಪಾಗುತ್ತದೆ. ಹೋಳುಗಳಿಗೆ ಉಪ್ಪು ಬೆರಸಿ ಪಿಂಗಾಣಿ ಜಾಡಿಯಲ್ಲಿ ಒಂದೆರಡು ದಿನ ಮುಚ್ಚಿಡುವುದು. ಉಪ್ಪು ಕಾಯಿಯೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಹಗಲು ಹೋಳುಗಳನ್ನು ಮೊರದ ಮೇಲೆ ಹರಡಿ ಬಿಸಿಲಿಗಿಟ್ಟು, ಇರುಳು ಮತ್ತೆ ಅದೇ ಉಪ್ಪುನೀರಿಗೆ ಹಾಕುವುದು; ಆ ನೀರೆಲ್ಲ ಹೀರಿಹೋಗುವ ತನಕ ಇದೇ ಕ್ರಮ. ಆಮೇಲೆ ಬರಿಯ ಒಣಗಿಸುವಿಕೆ. ಹೋಳನ್ನು ಮುರಿದರೆ ಲಟಕ್ಕನೆ ಮುರಿಯಬೇಕು. ಬಾಗಿದರೆ ಒಳಗೆ ಇನ್ನೂ ನೀರಿದೆ ಎಂದು ತಿಳಿಯಿರಿ. ಬಿಸಿಲಿನಿಂದ ತಂದ ಕೂಡಲೆ ಜಾಡಿಗೆ ತುಂಬಬೇಡಿ. ಆರಿದ ಮೇಲೆ ತುಂಬಿ. ಬಿಸಿಯಾಗಿ ತುಂಬಿದರೆ ಜಾಡಿ ಒಳಗೇ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಮುಂಗಾರಿಗೆ ಮೊದಲು ಇನ್ನೊಮ್ಮೆ ಬಿಸಿಲು ಕಾಣಿಸಿದರೆ ವರ್ಷಕ್ಕೂ ಮೀರಿ ಉಳಿಯುತ್ತದೆ. ಔಷಧಕ್ಕೆಂದು ಮಾಡುವ ಚಟ್ಟಿಗೆ ಉಪ್ಪು ಹಾಕುವುದಿಲ್ಲ.

ಇದರ ತತ್ತ್ವ ಅಂಗೈಮೇಲಣ ನೆಲ್ಲಿಕಾಯಿಯಂತೆ ಸ್ಪಷ್ಟವಾಗಿದೆ. ಬೂಷ್ಟಿಗೂ ಕೊಳೆಸುವ ಸೂಕ್ಷ್ಮಜೀವಿಗಳಿಗೂ ಬೇಕಾದುದು ನೀರು. ಬಿಸಿಲು ನೀರನ್ನು ತೆಗೆಯುತ್ತದೆ. ಉಳಿದ ನೀರನ್ನು ಉಪ್ಪು ಕಟ್ಟಿಹಾಕುತ್ತದೆ. ನೆಲ್ಲಿಯ ಹುಳಿಯೂ ಅವುಗಳಿಗೆ ಒಗ್ಗದು. ಮೂರು ಕಾವಲುಗಾರರಿರುವ ಮನೆಗೆ ಕಳ್ಳ ನುಗ್ಗುವುದು ಕಷ್ಟ.

ಒಣಗಿದ ನೆಲ್ಲಿಯ ಉಪಯೋಗವೋ ಹಲವು ಬಗೆ. ಏಕಾದಶಿಯ ಉಪವಾಸದ ಮರುದಿನ ದ್ವಾದಶಿಯ ಪಾರಣೆಗೆ ನೆಲ್ಲಿ ಬೇಕು. ಹಸಿಯ ಕಾಯಿ ಇಲ್ಲದ ತಿಂಗಳುಗಳಲ್ಲಿ ಚಟ್ಟೇ ಗತಿ. ನೆನಸಿ ರುಬ್ಬಿ ಮಜ್ಜಿಗೆ ಬೆರಸಿದರೆ ತಂಬುಳಿ. ಬೆಲ್ಲ ಮೆಣಸಿನಕಾಯಿ ಸೇರಿದರೆ ಗೊಜ್ಜು. ಸೀಗೆಯೊಡನೆ ಪುಡಿಮಾಡಿದರೆ ತಲೆಗೆ. ಗ್ರಂಧಿಗೆ ಅಂಗಡಿಯಲ್ಲಿ ಅಳಲೆ, ತಾರೆ, ನೆಲ್ಲಿ ಸೇರಿ ತ್ರಿಫಲವಾಗುತ್ತದೆ. ಚರಕಸಂಹಿತೆಯು ಮುಪ್ಪನ್ನು ತಡೆಯುವ ದ್ರವ್ಯಗಳಲ್ಲಿ ನೆಲ್ಲಿಗೇ ಅಗ್ರಸ್ಥಾನವನ್ನು ಕೊಟ್ಟಿದೆ.

ವೈದ್ಯರ ಈ ನಂಬಿಕೆಯನ್ನು ಹೊಸ ಕಾಲದ ವಿಜ್ಞಾನ ಪರೀಕ್ಷಿಸಿದ ಸ್ಥಳಗಳಲ್ಲೊಂದು ನಮಗೆ ದೂರದ್ದೇನಲ್ಲ. ಗುಂಡ್ಲುಪೇಟೆಯಿಂದ ಉದಕಮಂಡಲದ ರಸ್ತೆ ಹಿಡಿದು ಘಟ್ಟ ಹತ್ತಿ, ಇನ್ನೂ ಸ್ವಲ್ಪ ಮುಂದುವರಿದರೆ ಕೂನೂರು. ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆ ೧೯೫೮ಕ್ಕೆ ಮೊದಲು ಕೂನೂರಿನ ಪೋಷಣ ಸಂಶೋಧನಾಲಯವಾಗಿತ್ತು. ೧೯೩೫ರಲ್ಲಿ ಅದರ ನಿರ್ದೇಶಕರಾದ ಐಕ್ರಾಯ್ಡ್ ಅವರೂ ಅವರ ಸಂಗಡಿಗರೂ ಭಾರತದ ಆಹಾರಗಳ ಗುಣಗಳನ್ನು ಪಟ್ಟಿಮಾಡುತ್ತ, ನೆಲ್ಲಿಯಲ್ಲಿ ‘ಸಿ’ ಜೀವಸತ್ವ ಅಪಾರವಾಗಿರುವುದನ್ನು ಕಂಡರು. ಆ ಹಳೆಯ ಪಟ್ಟಿಯಲ್ಲಿ ನೂರು ಗ್ರಾಂ ಕಾಯಿಗೆ ೬೦೦ ಮಿಲಿಗ್ರಾಂ ಎಂದಿದೆ. ಅದೇ ಸಂಸ್ಥೆ ೨೦೧೭ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಸುಮಾರು ೨೫೦. ಲೆಕ್ಕ ಇಳಿದರೂ ಕಿತ್ತಳೆಗಿಂತ ಇದು ಹಲವು ಪಾಲು ಹೆಚ್ಚು. ೧೯೩೯–೪೦ರ ಸುಮಾರಿಗೆ ಪಂಜಾಬಿನ ಹಿಸಾರ್ ಜಿಲ್ಲೆಯಲ್ಲಿ ಕ್ಷಾಮ ಬಿದ್ದು, ವಸಡು ಒಡೆದು ರಕ್ತ ಸುರಿಯುವ ಸ್ಕರ್ವಿ ರೋಗ ಹರಡಿದಾಗ ಜನರಿಗೆ ನೆಲ್ಲಿಯನ್ನು ಕೊಟ್ಟು ಗುಣಪಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ಒಣನೆಲ್ಲಿಯ ಪುಡಿ, ಗುಳಿಗೆಗಳು ಭಾರತೀಯ ಸೈನಿಕರ ಆಹಾರದೊಡನೆ ಹೋದುವು. ಬಿಸಿಲಿಗೆ ‘ಸಿ’ ಜೀವಸತ್ವದ ಒಂದು ಪಾಲು ನಷ್ಟವಾಗುವುದು ದಿಟ. ಆದುದರಿಂದ ನೆರಳಿನ ಗಾಳಿಯಲ್ಲಿ ಒಣಗಿಸುವುದು ಮೇಲು. ಮೊದಲ ಬಂಡವಾಳವೇ ದೊಡ್ಡದಾದ್ದರಿಂದ ಉಳಿಯುವುದೂ ಗಣನೀಯವೇ.

ಇಷ್ಟರವರೆಗೆ ಬಯಲಿನ ಮನೆಯ ಮಾತಾಯಿತು. ಕಾಯಿಯನ್ನು ಬೆಟ್ಟದಿಂದ ತಂದವರು ಯಾರು? ಬಿಳಿಗಿರಿಯ ಸೋಲಿಗರು. ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಭಾಗದ ಬೆಟ್ಟಗಳ ಸೋಲಿಗರ ವಿಷಯ ಬರೆದಿದ್ದಾನೆ. ಮೈಸೂರು ಸೀಮೆಯಲ್ಲಿ ಮಣ್ಣನ್ನು ತೊಳೆದು ಉಪ್ಪು ತೆಗೆಯುತ್ತಿದ್ದ ಬಗೆಯನ್ನೂ ಅವನು ವರ್ಣಿಸಿದ್ದಾನೆ. ಬೆಟ್ಟದ ನೆಲ್ಲಿಗೂ ಕಡಲ ಉಪ್ಪಿಗೂ ಇರುವ ನಂಟು ಅಲ್ಲಮಪ್ರಭುವಿನ ವಚನದಿಂದ ನಮಗೆಲ್ಲ ಪರಿಚಿತ. ಕಡಲಿನಿಂದ ದೂರದ ಈ ನಾಡಿನಲ್ಲಿ ಆ ನಂಟನ್ನು ಕೂಡಿಸಿದವರಲ್ಲಿ ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಉಪ್ಪಾರರೂ ಸೇರಿದ್ದರು. ಒಂದು ಜಾಡಿಯನ್ನು ತುಂಬಿಸುವುದಕ್ಕೆ ಎಷ್ಟು ಜನರ ಕೈ ಬೇಕಾಯಿತು, ನೋಡಿ.

ಸೋಲಿಗರು ಬರಿಯ ಕಾಯಿ ಕೀಳುವವರಲ್ಲ. ಬೆಟ್ಟದಲ್ಲಿ ನೆಲ್ಲಿಯ ಎರಡು ಜಾತಿಗಳುಂಟೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ; ಸೋಲಿಗರೂ ಅವನ್ನು ಬೇರೆಬೇರೆಯಾಗಿ ಗುರುತಿಸುತ್ತಾರೆ. ಮರದ ಕಾಯನ್ನೆಲ್ಲ ಬಳಿದು ತರಬಾರದೆಂಬುದು ಅವರ ಕಟ್ಟಳೆ. ಜಿಂಕೆ, ಕಾಡುಕುರಿಗಳು ನೆಲ್ಲಿಯನ್ನು ತಿಂದು ಬೀಜವನ್ನು ಬೇರೆಡೆ ಉಗುಳುತ್ತವೆ. ಅದರಿಂದಲೇ ಹೊಸ ಗಿಡ. ವರ್ಷದ ಮೊದಲ ತಿಂಗಳುಗಳಲ್ಲಿ, ಹುಲ್ಲು ಪೂರ್ತಿ ಒಣಗುವ ಮುನ್ನ, ನೆಲದ ತರಗೆಲೆ ಮಾತ್ರ ಉರಿಯುವಂತೆ ಸಣ್ಣ ಬೆಂಕಿ ಹಾಕುವ ಪದ್ಧತಿಯೂ ಅವರಲ್ಲಿತ್ತು. ಅದಕ್ಕೆ ತರಗುಬೆಂಕಿ ಎಂದು ಹೆಸರು.

೧೯೭೪ರಲ್ಲಿ ಬಿಳಿಗಿರಿಯ ಕಾಡು ವನ್ಯಜೀವಿಧಾಮವಾಯಿತು. ಬೇಟೆಯೂ ಬೆಟ್ಟಬೇಸಾಯವೂ ನಿಂತವು, ಸೋಲಿಗರ ಪೋಡುಗಳು ಸ್ಥಳ ಬಿಟ್ಟು ಬೇರೆಡೆ ನೆಲಸಬೇಕಾಯಿತು, ತರಗುಬೆಂಕಿಯೂ ನಿಷಿದ್ಧವಾಯಿತು. ಅವರ ಕೈಗೆ ಉಳಿದುದು ಜೇನು, ಪಾಚಿ, ನೆಲ್ಲಿ, ಸೀಗೆಗಳ ಸಂಗ್ರಹ. ಅದನ್ನು ಕೊಳ್ಳುವುದಕ್ಕೆ ಲ್ಯಾಂಪ್ಸ್ ಎಂಬ ಸಹಕಾರ ಸಂಘಗಳು. ೧೯೮೧ರಲ್ಲಿ ಡಾಕ್ಟರ್ ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಅಲ್ಲಿ ಸ್ಥಾಪಿಸಿದರು. ೧೯೯೦ರ ದಶಕದಲ್ಲಿ ಬೆಟ್ಟದಲ್ಲೇ ಉಪ್ಪಿನಕಾಯಿ ಮೊದಲಾದುವನ್ನು ಮಾಡಿ ಮಾರುವ ಪ್ರಯತ್ನವೂ ನಡೆಯಿತು. ಅಷ್ಟರಲ್ಲಿ ಮರಗಳಿಗೇ ಕೇಡು ತಟ್ಟಿತ್ತು. ಸೋಲಿಗರು ಉಪ್ಪಿಲು ಎಂದು ಕರೆಯುವ ಬಂದಳಿಕೆ ನೆಲ್ಲಿಯ ಕೊಂಬೆಗಳನ್ನು ಹತ್ತಿತು. ಕೆಳಗೆ ಲಂಟಾನದ ಪೊದೆ ಹಬ್ಬಿ ಸಸಿಗಳಿಗೆ ಬೆಳಕಿಲ್ಲವಾಯಿತು. ತರಗುಬೆಂಕಿ ನಿಂತುದೇ ಇದಕ್ಕೆ ಕಾರಣವೆಂಬುದು ಸೋಲಿಗರ ಹಿರಿಯರ ಮಾತು. ಬಂದಳಿಕೆ ಹಿಡಿದ ಮರದಲ್ಲಿ ಕಾಯಿ ಕುಗ್ಗುವುದನ್ನೂ ಮರ ಬೇಗ ಸಾಯುವುದನ್ನೂ ಸಂಶೋಧಕರು ಅಳೆದು ನೋಡಿದ್ದಾರೆ. ಬೆಂಕಿ ಎಳೆಯ ಸಸಿಯನ್ನೂ ಸುಡುತ್ತದೆಂಬ ಎಚ್ಚರಿಕೆಯೂ ಅವರದು. ವಾದ ಎರಡು ಕಡೆಗೂ ಉಂಟು. ಆದರೆ ಮರವನ್ನು ಹತ್ತಿರದಿಂದ ಬಲ್ಲವರ ಮಾತನ್ನು ಕೇಳದೆ ತೀರ್ಮಾನ ಮಾಡಿದುದು ಸರಿಯೆ?

ವನ್ಯಜೀವಿ ಕಾಯಿದೆಗೆ ೨೦೦೨ರಲ್ಲಿ ಆದ ತಿದ್ದುಪಡಿಯ ಬಳಿಕ, ಕೆಲವೇ ವರ್ಷಗಳಲ್ಲಿ ಮಾರಾಟಕ್ಕಾಗಿ ಕಾಯಿ ತರುವುದೂ ನಿಂತಿತು. ೨೦೦೬ರಲ್ಲಿ ಅರಣ್ಯಹಕ್ಕು ಕಾಯಿದೆ ಬಂತು. ೨೦೧೧ರ ಆರಂಭದಲ್ಲಿ ಬಿಳಿಗಿರಿಯನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಸೋಲಿಗರ ೨೫ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯಹಕ್ಕನ್ನು ಮಾನ್ಯಮಾಡಿದರು. ಅಲೆದು ಆಯ್ದು ತಂದುದು ಅವರದೇ, ಮಾರುವುದೂ ಅವರ ಹಕ್ಕೇ ಎಂದು ಕಾಗದದ ಮೇಲೆ ಒಪ್ಪಿಗೆಯಾಯಿತು.

ಈ ದೀರ್ಘ ಕಥೆಯನ್ನು ನಿಮ್ಮ ಮುಂದಿಟ್ಟುದಕ್ಕೆ ಕಾರಣವಿದೆ. ಒಣಗಿಸುವ ವಿದ್ಯೆ ಕಾಯನ್ನು ಒಂದು ವರ್ಷ ಕಾಪಾಡಬಲ್ಲುದು, ಮರವನ್ನು ಕಾಪಾಡಲಾರದು. ಅದಕ್ಕೆ ಬೇರೊಂದು ವಿದ್ಯೆ ಬೇಕು, ಅದು ಬೆಟ್ಟದವರಲ್ಲಿದೆ. ನಾಳೆಯೂ ಈ ಮರಕ್ಕೆ ಬರುವ ಹಕ್ಕು ತನಗುಂಟೆಂದು ಬಲ್ಲವನು ಕೊಂಬೆ ಉಳಿಸಿ ಕಾಯಿ ಕೀಳುತ್ತಾನೆ. ನಾಳೆಯ ಭರವಸೆ ಇಲ್ಲದವನು ಕೊಂಬೆಯನ್ನೇ ಕಡಿದಾನು. ಬಯಲಿನ ಗೃಹಿಣಿಯ ಜಾಡಿಗೂ ಬೆಟ್ಟದ ಗ್ರಾಮಸಭೆಯ ಕಾಗದಕ್ಕೂ ಹೀಗೆ ಸಂಬಂಧವಿದೆ.

ಈ ಮಾಘಕ್ಕೆ ಮೊದಲು ಚಾಮರಾಜನಗರದ ಸಂತೆಯಲ್ಲೋ ಗುಂಡ್ಲುಪೇಟೆಯ ಅಂಗಡಿಯಲ್ಲೋ ಬೆಟ್ಟದ ನೆಲ್ಲಿ ಕಂಡರೆ ಒಂದೆರಡು ಸೇರು ಕೊಳ್ಳಿ. ಎಲ್ಲಿಯ ಕಾಯಿ, ತಂದವರಿಗೆ ಎಷ್ಟು ಸಿಕ್ಕಿತು ಎಂದು ಕೇಳಿ. ಆಮೇಲೆ ಜಜ್ಜಿ, ಉಪ್ಪು ಬೆರಸಿ, ಮೊರದ ಮೇಲೆ ಹರಡಿ. ಲಟಕ್ಕನೆ ಮುರಿಯುವ ತನಕ ಮಾತ್ರ ಅವಸರ ಬೇಡ.