4850: ಮರುತ್ ವಿಮಾನಕ್ಕೆ ಆಟದಲ್ಲಾದರೂ ದೊಡ್ಡ ಎಂಜಿನ್ ಕೊಡಬೇಕಾ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಕೇಳ್ತಿರೋ ನಮ್ಮ ಮಂದೀ, ಕೇಳ್ರಿ. ಇವತ್ತಿನ ಕಥಿ ಎರಡು ಅಂಕಿಗಳದ್ದು. ಒಂದು 4850, ಇನ್ನೊಂದು 8170. ಎರಡೂ ಜೆಟ್ ಎಂಜಿನ್ ಎಷ್ಟು ಬಲದಿಂದ ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ ಅನ್ನೋದನ್ನು ಪೌಂಡ್ ಲೆಕ್ಕದಲ್ಲಿ ಹೇಳುವ ಅಂಕಿಗಳು. ಮೊದಲನೆಯದು ನಮ್ಮ ಬೆಂಗಳೂರಿನ ಯುದ್ಧವಿಮಾನ ಎಚ್‌ಎಫ್-24 ಮರುತ್‌ಗೆ ಸಿಕ್ಕ ಎಂಜಿನ್ನಿನದು. ಎರಡನೆಯದು ಅದಕ್ಕೆ ಸಿಗಬೇಕಾಗಿದ್ದ, ಆದರೆ ಸಿಗದೇ ಹೋದ ಎಂಜಿನ್ನಿನದು.

ಇದಕ್ಕೂ ಕಂಪ್ಯೂಟರ್ ಆಟಕ್ಕೂ ಏನು ಸಂಬಂಧ? ಹೇಳ್ತೀನಿ ಕೇಳ್ರಿ.

ಕಾಂಬ್ಯಾಟ್ ಫ್ಲೈಟ್ ಸಿಮ್ಯುಲೇಟರ್ ಅಂದ್ರ ಬರೀ ಗುಂಡು ಹಾರಿಸೋ ಆಟ ಅಲ್ಲ. ವಿಮಾನದ ತೂಕ, ರೆಕ್ಕೆಯ ಅಳತೆ, ಎಂಜಿನ್ ಬಲ, ಗಾಳಿಯ ತಡೆ ಎಲ್ಲ ಲೆಕ್ಕ ಹಾಕಿ, ಆ ವಿಮಾನ ನಿಜವಾಗಿ ಹೆಂಗ ಹಾರುತ್ತಿತ್ತೋ ಹಂಗೇ ಹಾರಿಸೋಕೆ ನೋಡುವ ಆಟ. ಆಟದ ಜೊತೆ ಬರೋ ವಿಮಾನಗಳು ಕೆಲವೇ. ಉಳಿದವನ್ನು ಬೇರೆಯವರು ಮಾಡಿ ಸೇರಿಸ್ತಾರೆ. ಅದಕ್ಕೇ ಆ್ಯಡ್‌ಆನ್ ಅನ್ನೋದು. ಕೆಲವನ್ನು ಕಂಪನಿಗಳು ಮಾರುತ್ತವೆ, ಬಹಳಷ್ಟನ್ನು ಹವ್ಯಾಸಿಗಳು ರಾತ್ರಿ ನಿದ್ದೆಗೆಟ್ಟು ಮಾಡಿ ಬಿಟ್ಟಿಯಾಗಿ ಹಂಚ್ತಾರೆ. ಮೊಬೈಲ್ ಆಟದಲ್ಲಿ ಬಂದೂಕಿಗೆ ಹೊಸ ಸ್ಕಿನ್ ಹಾಕಿದಂಗಲ್ಲ ಇದು. ಹೊರಮೈ ಬೇರೆ ಮಾಡಬೇಕು, ಒಳಗಿನ ಕಾಕ್‌ಪಿಟ್ ಬೇರೆ, ಸದ್ದು ಬೇರೆ. ಎಲ್ಲಕ್ಕಿಂತ ಕಷ್ಟದ್ದು ಹಾರಾಟದ ಲೆಕ್ಕ.

1998ರಲ್ಲಿ ಮೈಕ್ರೋಸಾಫ್ಟ್ ತನ್ನ ಮೊದಲ ಕಾಂಬ್ಯಾಟ್ ಫ್ಲೈಟ್ ಸಿಮ್ಯುಲೇಟರ್ ತಂದಿತು. ಅದರಲ್ಲಿ ಎರಡನೇ ಮಹಾಯುದ್ಧದ ಜರ್ಮನ್ ವಿಮಾನ ಫೋಕೆವುಲ್ಫ್ 190 ಇತ್ತು. 2001ರಲ್ಲಿ ಬಂದ ಐಎಲ್-2 ಸ್ಟುರ್ಮೊವಿಕ್‌ನಲ್ಲೂ ಇತ್ತು. ಇವತ್ತಿನ ಡಿಸಿಎಸ್ ವರ್ಲ್ಡ್‌ನಲ್ಲೂ ಐತಿ, ಅದೂ ಒಂದಲ್ಲ, ಎರಡು ಮಾದರಿ. ಪಿಸಿಯಲ್ಲಿ ಇಂಥ ಆಟ ಆಡಿದವರಲ್ಲಿ ಈ ವಿಮಾನ ಗೊತ್ತಿಲ್ಲದವರು ಕಡಿಮೆ. ಆದರೆ ಅದನ್ನು ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್ ಅನ್ನೋ ಮನುಷ್ಯ ಮುಂದೆ ಬೆಂಗಳೂರಿಗೆ ಬಂದು ಹತ್ತು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಬೆಂಗಳೂರಿನಲ್ಲಿ ವಿಮಾನದ ಕೆಲಸ ಶುರುವಾಗಿದ್ದು 1940ರ ಡಿಸೆಂಬರಿನಲ್ಲಿ. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಅದೇ ಮುಂದೆ ಎಚ್‌ಎಎಲ್ ಆಯ್ತು. ಇಲ್ಲಿ ನಮ್ಮ ಕಡೆಯ ಒಂದು ನಂಟು ಐತಿ ನೋಡ್ರಿ. ಆ ಕಂಪನಿಗೆ ಎಚ್‌ಟಿ-2 ಅನ್ನೋ ತರಬೇತಿ ವಿಮಾನ ವಿನ್ಯಾಸ ಮಾಡಿಕೊಟ್ಟವರು ಡಾ. ವಿ. ಎಂ. ಘಾಟಗೆ. 1951ರಲ್ಲಿ ಅದು ಮೊದಲ ಸಲ ಹಾರಿತು. ಘಾಟಗೆಯವರು ಹುಟ್ಟಿದ್ದು ಕೊಲ್ಹಾಪುರ ಜಿಲ್ಲೆಯ ಹಸೂರಚಂಪು ಅನ್ನೋ ಹಳ್ಳಿಯಲ್ಲಿ, ಗಡಹಿಂಗ್ಲಜ್ ಕಡೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದವರಿಗೆ ಗಡಹಿಂಗ್ಲಜ್ ಅಂದ್ರ ಪಕ್ಕದ ಪ್ಯಾಟಿ ಇದ್ದಂಗ. ಆ ಹಳ್ಳಿಯ ಹುಡುಗ ಜರ್ಮನಿಯ ಗಾಟಿಂಗನ್‌ಗೆ ಹೋಗಿ, ಲುಡ್‌ವಿಗ್ ಪ್ರಾಂಟ್ಲ್ ಎಂಬ ಮಹಾ ವಿಜ್ಞಾನಿಯ ಕೈಕೆಳಗೆ ಡಾಕ್ಟರೇಟ್ ಮಾಡಿ ಬಂದಿದ್ದ.

1956ರಲ್ಲಿ ಕುರ್ಟ್ ಟ್ಯಾಂಕ್ ತಮ್ಮ ಜರ್ಮನ್ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅವರು ಅರ್ಜೆಂಟೀನಾಕ್ಕೆ ಹೋಗಿದ್ದರು. ಅಲ್ಲಿ 1955ರಲ್ಲಿ ಪೆರೋನ್ ಸರ್ಕಾರ ಬಿತ್ತು, ಕೆಲಸ ನಿಂತಿತು. ಭಾರತಕ್ಕೆ ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರುವ ತನ್ನದೇ ಯುದ್ಧವಿಮಾನ ಬೇಕಿತ್ತು. ಟ್ಯಾಂಕ್ ತಂಡ ಮತ್ತು ಎಚ್‌ಎಎಲ್‌ನ ಎಂಜಿನಿಯರುಗಳು ಸೇರಿ ಕೆಲಸ ಶುರು ಮಾಡಿದರು.

ಕಂಪ್ಯೂಟರ್ ಸಿಮ್ಯುಲೇಟರ್ ಇಲ್ಲದ ಕಾಲ ಅದು. ಹಾಗಾಗಿ ಅವರು ವಿಮಾನದ ಪೂರ್ತಿ ಅಳತೆಯ ಒಂದು ಕಟ್ಟಿಗೆ ಗ್ಲೈಡರ್ ಕಟ್ಟಿದರು. ಎಂಜಿನ್ನೇ ಇಲ್ಲ. 1959ರಲ್ಲಿ ಅದನ್ನು ಡಕೋಟಾ ವಿಮಾನದ ಹಿಂದೆ ಕಟ್ಟಿ ಎಳೆದುಕೊಂಡು ಮೇಲೆ ಹೋಗಿ, ಬಿಟ್ಟು, ಗಾಳಿಯಲ್ಲಿ ಹೆಂಗ ನಡಕೊಳ್ಳುತ್ತದೆ ಅಂತ ನೋಡಿದರು. ನಮ್ಮ ಕಾಲದ ಹುಡುಗರು ಲ್ಯಾಪ್‌ಟಾಪಿನಲ್ಲಿ ಮಾಡೋ ಪರೀಕ್ಷೆಯನ್ನು ಅವರು ಕಟ್ಟಿಗೆಯಲ್ಲಿ ಮಾಡಿದರು. ವ್ಯತ್ಯಾಸ ಇಷ್ಟೇ: ಅದರೊಳಗೆ ಜೀವ ಇರೋ ಮನುಷ್ಯರು ಕೂತಿದ್ದರು.

1961ರ ಜೂನ್ 17ರಂದು ಎಂಜಿನ್ ಇರುವ ಮೊದಲ ಮರುತ್ ಹಾರಿತು. ಹಾರಿಸಿದವರು ಪರೀಕ್ಷಾ ಪೈಲಟ್ ಸುರಂಜನ್ ದಾಸ್.

ಈಗ ನಮ್ಮ ಎರಡು ಅಂಕಿಗಳಿಗೆ ಬರೋಣ. ವಿಮಾನವನ್ನು ವಿನ್ಯಾಸ ಮಾಡಿದ್ದು ಬ್ರಿಟನ್ನಿನ ಆರ್ಫಿಯಸ್ 12 ಅನ್ನೋ ಎಂಜಿನ್ ಬರುತ್ತದೆ ಅನ್ನೋ ನಂಬಿಕೆಯ ಮೇಲೆ. ಅದಕ್ಕೆ ಆಫ್ಟರ್‌ಬರ್ನರ್ ಇತ್ತು. ಅಂದ್ರ ಎಂಜಿನ್ನಿನಿಂದ ಹೊರಬರುವ ಬಿಸಿ ಗಾಳಿಗೆ ಮತ್ತೊಮ್ಮೆ ಇಂಧನ ಚಿಮ್ಮಿಸಿ ಉರಿಸಿ ಇನ್ನಷ್ಟು ಬಲ ಪಡೆಯುವ ವ್ಯವಸ್ಥೆ. ಅದು ಸೇರಿದರೆ ಒಂದೊಂದು ಎಂಜಿನ್ನಿಗೆ 8170 ಪೌಂಡ್ ಬಲ. ಆದರೆ ಆ ಎಂಜಿನ್ನಿನ ಅಭಿವೃದ್ಧಿಗೆ ಬ್ರಿಟನ್ ಕಡೆಯ ದುಡ್ಡು ನಿಂತಿತು. ಉಳಿದ ಖರ್ಚನ್ನು ಭಾರತ ಹೊರಲು ಒಪ್ಪಲಿಲ್ಲ. ಎಂಜಿನ್ ಬರಲೇ ಇಲ್ಲ. ಬೆಂಗಳೂರಿನಲ್ಲಿ ನ್ಯಾಟ್ ಅನ್ನೋ ಪುಟ್ಟ ಯುದ್ಧವಿಮಾನಕ್ಕಾಗಿ ಆರ್ಫಿಯಸ್‌ನ ಚಿಕ್ಕ ಎಂಜಿನ್ ತಯಾರಾಗ್ತಿತ್ತು. ಅದೇ ವಂಶದ, ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703 ಅನ್ನು ಎರಡು ಜೋಡಿಸಿ ಮರುತ್ ಹಾರಿಸಿದರು. ಒಂದೊಂದಕ್ಕೆ 4850 ಪೌಂಡ್.

ಮೂಡಲಗಿ ರಸ್ತೆಯಲ್ಲಿ ಕಬ್ಬಿನ ಹಂಗಾಮಿನ್ಯಾಗ ನೋಡಿರ್ತೀರಿ, ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಏರು ಹತ್ತೋ ಟ್ರ್ಯಾಕ್ಟರ್. ಟ್ರೇಲರ್, ಚಾಸಿ, ಗಾಲಿ ಎಲ್ಲ ದೊಡ್ಡ ಟ್ರ್ಯಾಕ್ಟರಿಗೆ ಅಂತ ಕಟ್ಟಿ, ಕಡೆಗೆ ಸಣ್ಣ ಎಂಜಿನ್ ಕೂಡಿಸಿದರೆ ಹೆಂಗ? ಎಳೆಯುತ್ತದೆ, ಆದರೆ ಮಾಡಬೇಕಾದ್ದಷ್ಟನ್ನು ಮಾಡೋದಿಲ್ಲ. ಎರಡು ಪಟ್ಟು ಶಬ್ದದ ವೇಗಕ್ಕೆ ಹುಟ್ಟಿದ ಮರುತ್ ನೇರ ಹಾರಾಟದಲ್ಲಿ ಶಬ್ದದ ವೇಗ ಮುಟ್ಟೋಕೇ ಒದ್ದಾಡಿತು.

ಇಲ್ಲೇ ಆ್ಯಡ್‌ಆನ್ ಮಾಡೋರ ಎದುರು ಒಂದು ಆಸೆ ಬಂದು ನಿಲ್ಲುತ್ತದೆ. ಮೈಕ್ರೋಸಾಫ್ಟಿನ ಹಳೆಯ ಫ್ಲೈಟ್ ಸಿಮ್ಯುಲೇಟರುಗಳಲ್ಲಿ, ಉದಾಹರಣೆಗೆ 2006ರ ಎಫ್‌ಎಸ್‌ಎಕ್ಸ್‌ನಲ್ಲಿ, ಪ್ರತಿ ವಿಮಾನಕ್ಕೂ ಒಂದು ಸಾದಾ ಟೆಕ್ಸ್ಟ್ ಫೈಲ್ ಇರುತ್ತದೆ. ಹೆಸರು ಏರ್‌ಕ್ರಾಫ್ಟ್ ಡಾಟ್ ಸಿಎಫ್‌ಜಿ. ನೋಟ್‌ಪ್ಯಾಡಿನಲ್ಲೇ ತೆರೆಯಬಹುದು. ಅದರಲ್ಲಿ ‘ಸ್ಟ್ಯಾಟಿಕ್ ಥ್ರಸ್ಟ್’ ಅಂತ ಒಂದು ಸಾಲು. ‘ಆಫ್ಟರ್‌ಬರ್ನರ್ ಅವೈಲೇಬಲ್’ ಅಂತ ಇನ್ನೊಂದು ಸಾಲು. ಮೊದಲನೆಯದರಲ್ಲಿ 4850 ಅಳಿಸಿ ದೊಡ್ಡ ಅಂಕಿ ಹಾಕಿ, ಎರಡನೆಯದರಲ್ಲಿ ಸೊನ್ನೆಯನ್ನು ಒಂದು ಮಾಡಿ. ಅರ್ಧ ನಿಮಿಷದ ಕೆಲಸ. ಹಿಂದೂಸ್ತಾನಕ್ಕೆ ಸಿಗದ ಎಂಜಿನ್ ನಿಮ್ಮ ಕಂಪ್ಯೂಟರಿನಲ್ಲಿ ಸಿಕ್ಕಿತು.

‘ಆಟದಾಗರ ನಮ್ಮ ವಿಮಾನ ಗೆಲ್ಲಲಿ ಬಿಡ್ರಿ’ ಅಂತ ಕೇಳುಗರು ಹೇಳೋದುಂಟು. ಆ ಪ್ರೀತಿ ನನಗೆ ಅರ್ಥ ಆಗ್ತದ. ಆದರೆ ನಾನು ಓದಿದ್ದು ಬಿ.ಕಾಂ. ಲೆಕ್ಕದ ಪುಸ್ತಕದಲ್ಲಿ ಬರಬೇಕಿದ್ದ ಹಣ ಬೇರೆ, ಬಂದ ಹಣ ಬೇರೆ. ಎರಡನ್ನೂ ಒಂದೇ ಕಾಲಮಿನಲ್ಲಿ ಬರೆದರೆ ಪುಸ್ತಕ ಚಂದ ಕಾಣುತ್ತದೆ, ಅಂಗಡಿ ಮಾತ್ರ ಮುಳುಗುತ್ತದೆ. ಮತ್ತ ಈ ಸಾಲು ಬದಲಿಸೋ ಮೊದಲು ಇನ್ನೊಂದು ವಿಷಯ ತಿಳಕೊಳ್ಳಬೇಕು.

ಆ ಸಾಲನ್ನು ನಿಜವಾಗಿಯೂ ಬದಲಿಸೋಕೆ ಬೆಂಗಳೂರಿನಲ್ಲಿ ಪ್ರಯತ್ನ ನಡೆದಿತ್ತು. ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ, ಅಂದ್ರ ಜಿಟಿಆರ್‌ಇ, ಇದ್ದ ಎಂಜಿನ್ನಿಗೇ ಆಫ್ಟರ್‌ಬರ್ನರ್ ಸೇರಿಸಿತು. ಬಲ ಹೆಚ್ಚಿತು. ಆದರೆ ಅದಕ್ಕಾಗಿ ವಿಮಾನದ ಹಿಂಭಾಗ ದಪ್ಪ ಆಯ್ತು, ಗಾಳಿಯ ತಡೆ ಹೆಚ್ಚಿತು, ಗಳಿಸಿದ ಬಲವನ್ನು ಆ ತಡೆಯೇ ತಿಂದಿತು. ಆ ವಿಮಾನದ ಹೆಸರು ಮರುತ್ ಮಾರ್ಕ್ 1ಆರ್. 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಅದು ಬಿತ್ತು. ಹಾರಿಸುತ್ತಿದ್ದವರು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್, ಎಂಟೂವರೆ ವರ್ಷದ ಹಿಂದೆ ಮೊದಲ ಮರುತ್ ಹಾರಿಸಿದ ಅದೇ ಮನುಷ್ಯ. ಅವರು ಬದುಕಲಿಲ್ಲ.

ಬೆಂಗಳೂರಿನಲ್ಲಿ ಹಳೆಯ ವಿಮಾನ ನಿಲ್ದಾಣ ರಸ್ತೆಯಿಂದ ಬೈಯಪ್ಪನಹಳ್ಳಿ ಕಡೆ ಹೋಗೋ ಸುರಂಜನ್ ದಾಸ್ ರಸ್ತೆ ಇದೆಯಲ್ಲ, ಅದು ಇವರ ಹೆಸರೇ. ನಮ್ಮ ಜಿಲ್ಲೆಯಿಂದ ನೌಕರಿಗೆ ಹೋದ ಎಷ್ಟೋ ಮಂದಿ ಆ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕು ಬೈಕೊಂಡಿರ್ತಾರೆ. ಅರ್ಧ ನಿಮಿಷದಲ್ಲಿ ನಾವು ಸೊನ್ನೆಯನ್ನು ಒಂದು ಮಾಡುವ ಆ ಸಾಲು ಒಬ್ಬ ಮನುಷ್ಯನ ಕೊನೆಯ ಕೆಲಸ ಆಗಿತ್ತು. ಅದನ್ನು ಸುಮ್ಮನೆ ತಿದ್ದಿ ‘ಇದೇ ಮರುತ್’ ಅಂತ ಹಂಚಿದರೆ, ಆತನ ಕಥೆಯೇ ಅಳಿಸಿ ಹೋಗುತ್ತದೆ.

ಹಂಗಂತ ನಿಜವಾದ ಮರುತ್ ಸಪ್ಪೆ ವಿಮಾನ ಅಂತಲ್ಲ. 4850 ಹಾಗೇ ಇಟ್ಟು ಹಾರಿಸಿದರೆ ಅದರ ಇನ್ನೊಂದು ಗುಣ ಗೊತ್ತಾಗುತ್ತದೆ. ಎತ್ತರದಲ್ಲಿ ಶತ್ರುವಿನ ಬೆನ್ನಟ್ಟೋಕೆ ಹೋದರೆ ಸೋಲುತ್ತೀರಿ. ನೆಲಕ್ಕೆ ಹತ್ತಿರ, ವೇಗವಾಗಿ, ಅಲುಗಾಡದೆ ಹೋಗಿ ಗುರಿ ಹೊಡೆದು ಬರೋದರಲ್ಲಿ ಅದು ಗಟ್ಟಿ. ನಾಲ್ಕು 30 ಮಿಲಿಮೀಟರ್ ತೋಪು, ರಾಕೆಟ್, ಬಾಂಬ್ ಹೊರುತ್ತಿತ್ತು. 1971ರ ಯುದ್ಧದಲ್ಲಿ ವಾಯುಪಡೆಯ 10ನೇ ಮತ್ತು 220ನೇ ಸ್ಕ್ವಾಡ್ರನ್‌ಗಳು ರಾಜಸ್ಥಾನದ ಮರುಭೂಮಿಯ ಮೇಲೆ ಮರುತ್ ಬಳಸಿದ್ದು ಹೀಗೇ. ಒಂದು ಎಂಜಿನ್ನಿಗೆ ಪೆಟ್ಟು ಬಿದ್ದರೂ ಇನ್ನೊಂದರ ಮೇಲೆ ಮನೆಗೆ ಬರುವ ಅವಕಾಶ ಇತ್ತು. ಮರುತ್ ಪೈಲಟ್‌ಗಳಲ್ಲಿ ಮೂವರಿಗೆ ವೀರಚಕ್ರ ಬಂತು. ಕಡಿಮೆ ಬಲದ ವಿಮಾನದಿಂದ ಅವರು ಇಷ್ಟು ಕೆಲಸ ತೆಗೆದರು ಅನ್ನೋದು ಗೊತ್ತಾಗಬೇಕಾದರೆ, ಆಟದಲ್ಲೂ ಆ ವಿಮಾನ ಕಡಿಮೆ ಬಲದ್ದೇ ಇರಬೇಕು. ತಪ್ಪು ಅಂಕಿ ಹಾಕಿದರೆ ಅವರ ಧೈರ್ಯವೂ ಕಾಣೋದಿಲ್ಲ.

ಸರಿ, ಫೋಕೆವುಲ್ಫ್ ಎಲ್ಲ ಆಟದಲ್ಲೂ ಅಷ್ಟು ಪಕ್ಕಾ ಇರೋದು ಹೆಂಗ? ಒಂದು ಕಾರಣ ಹೇಳ್ತೀನಿ. 1942ರ ಜೂನ್ 23ರಂದು ಒಬ್ಬ ಜರ್ಮನ್ ಪೈಲಟ್ ದಾರಿ ತಪ್ಪಿ, ತನ್ನ ಫೋಕೆವುಲ್ಫ್ 190 ಅನ್ನು ಬ್ರಿಟನ್ನಿನ ವೇಲ್ಸ್‌ನ ಪೆಂಬ್ರಿ ನಿಲ್ದಾಣದಲ್ಲಿ ಇಳಿಸಿಬಿಟ್ಟ. ವಿಮಾನಕ್ಕೆ ಒಂದು ಗೀರೂ ಇಲ್ಲ. ಬ್ರಿಟಿಷರು ಅದನ್ನು ಹಾರಿಸಿ, ಅಳೆದು, ವರದಿ ಬರೆದರು. ಅಂಥ ಯುದ್ಧಕಾಲದ ವರದಿಗಳು ಮುಂದೆ ದಾಖಲೆ ಸಂಗ್ರಹಗಳಲ್ಲಿ ಎಲ್ಲರಿಗೂ ಸಿಕ್ಕವು. ಆಟ ಮಾಡೋರಿಗೆ ಅದೇ ಬಂಗಾರ. ಶತ್ರು ಬರೆದಿಟ್ಟ ಕಾಗದದಿಂದ ಒಂದು ವಿಮಾನ ಉಳಿಯಿತು.

ಮರುತ್ ಒಟ್ಟು 147 ತಯಾರಾದವು. 1990ರಲ್ಲಿ ಸೇವೆ ಮುಗಿಯಿತು. ಹೊರಮೈ ಅಳತೆ ಕಷ್ಟ ಅಲ್ಲ: ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ನಿಂತಿದೆ, ಎಚ್‌ಎಎಲ್ ಮ್ಯೂಸಿಯಂನಲ್ಲೂ ನೋಡಬಹುದು. ಜರ್ಮನಿಯ ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್ ಸಂಗ್ರಹಾಲಯದಲ್ಲೂ ಒಂದಿದೆ. ಫೋಟೊ ತೆಗೀರಿ, ಬ್ಲೆಂಡರ್ ತಂತ್ರಾಂಶದಲ್ಲಿ ಮಾದರಿ ಕಟ್ರಿ. ಆದರೆ ಕಡ್ಡಿ ಎಳೆದಾಗ ಕೈಗೆ ಎಷ್ಟು ಭಾರ ಬರುತ್ತಿತ್ತು, ಎಂಜಿನ್ ಚಾಲೂ ಆಗುವಾಗ ಯಾವ ಸದ್ದು ಮೊದಲು ಬರುತ್ತಿತ್ತು, ಯಾವ ಮೀಟರ್ ಸುಳ್ಳು ಹೇಳುತ್ತಿತ್ತು, ಇವೆಲ್ಲ ಫೋಟೊದಲ್ಲಿ ಇರೋದಿಲ್ಲ. ಅದು ಗೊತ್ತಿರೋದು ಅದನ್ನು ಹಾರಿಸಿದವರಿಗೆ, ಅದರ ನಟ್ಟು ಬಿಗಿದವರಿಗೆ.

ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಐತಿ. ನಮ್ಮ ಮೂರೂ ತಾಲೂಕಿನ ಹಳ್ಳಿಗಳಲ್ಲಿ ಸೈನ್ಯದಿಂದ, ವಾಯುಪಡೆಯಿಂದ ನಿವೃತ್ತರಾಗಿ ಹೊಲ ನೋಡಿಕೊಂಡಿರೋ ಹಿರಿಯರು ಇದ್ದೇ ಇರ್ತಾರೆ. 1990ರಲ್ಲಿ ಕೊನೆಯ ಮರುತ್ ನಿಂತಾಗ ಇಪ್ಪತ್ತೈದು ವರ್ಷದವರಿದ್ದ ತಂತ್ರಜ್ಞರು ಈಗ ಅರವತ್ತು ದಾಟ್ಯಾರ. 1971ರಲ್ಲಿ ಅದೇ ವಯಸ್ಸಿನವರಿದ್ದವರಿಗೆ ಎಂಬತ್ತರ ಹತ್ತಿರ. ನಿಮ್ಮ ಮನಿಯಾಗ, ಓಣಿಯಾಗ ಅಂಥ ಕಾಕಾ, ಅಜ್ಜ ಯಾರಾದರೂ ಇದ್ದರೆ ಈ ವಾರ ಹೋಗಿ ಕೂಡ್ರಿ. ‘ನೀವು ಯಾವ ವಿಮಾನದ ಮ್ಯಾಲ ಕೆಲಸ ಮಾಡಿದ್ರಿ?’ ಅಂತ ಕೇಳ್ರಿ. ಮರುತ್ ಇರಲಿಕ್ಕಿಲ್ಲ, ನ್ಯಾಟ್ ಇರಬಹುದು, ಮಿಗ್ ಇರಬಹುದು. ಫೋನಿನ ರೆಕಾರ್ಡರ್ ಚಾಲೂ ಇರಲಿ, ಅವರನ್ನು ಕೇಳಿಯೇ ಚಾಲೂ ಮಾಡ್ರಿ.

ಇನ್ನು ಆ್ಯಡ್‌ಆನ್ ಮಾಡೋ ಹುಡುಗ ಹುಡುಗಿಯರಿಗೆ ಒಂದೇ ಮಾತು. 8170ರ ವಿಮಾನ ಮಾಡಬೇಕು ಅನಿಸಿದರೆ ಖಂಡಿತ ಮಾಡ್ರಿ, ಕನಸು ಕಾಣೋಕೆ ಯಾರದೂ ಅಡ್ಡಿ ಇಲ್ಲ. ಆದರೆ ಅದನ್ನು ಬೇರೆ ಫೈಲಿನಲ್ಲಿಟ್ಟು, ‘ಆರ್ಫಿಯಸ್ 12 ಬಂದಿದ್ದರೆ’ ಅಂತ ಹೆಸರು ಹಾಕ್ರಿ. ಅದರ ಪಕ್ಕದಲ್ಲಿ 4850ರ ಮರುತ್ ಇರಲಿ. ಜೊತೆಗೆ ಹೋಗೋ ರೀಡ್‌ಮೀ ಫೈಲಿನಲ್ಲಿ ಸುರಂಜನ್ ದಾಸ್ ಅವರ ಹೆಸರು, 1970ರ ಜನವರಿ 10 ಅನ್ನೋ ತಾರೀಖು ಎರಡು ಸಾಲಿನಲ್ಲಿ ಬರೀರಿ. ಎಲ್ಲೋ ಬ್ರೆಜಿಲ್‌ನಲ್ಲೋ ಪೋಲೆಂಡಿನಲ್ಲೋ ಅದನ್ನು ಡೌನ್‌ಲೋಡ್ ಮಾಡಿದವನು ಓದಲಿ.

ಹಿರಿಯರ ರೆಕಾರ್ಡಿಂಗ್ ಸಿಕ್ಕರೆ, ಅವರ ಒಪ್ಪಿಗೆ ಇದ್ದರೆ, ನಮಗೂ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.