ದೂರದರ್ಶಕವಿಲ್ಲದ ಖಗೋಳ ಸಂಘ

ನಮ್ಮ ದೇಶದ ಹೆಸರಿನ ಖಗೋಳ ಸಂಘ ಹುಟ್ಟಿದ್ದು ಎರಡು ಸಲ. ಮೊದಲನೆಯದು ಕಲ್ಕತ್ತೆಯಲ್ಲಿ, ಹ್ಯಾಲಿ ಧೂಮಕೇತು ಬಂದ 1910ರಲ್ಲಿ. ಬ್ರಿಟಿಷ್ ಅಧಿಕಾರಿಗಳು, ಬಂಗಾಳದ ಹವ್ಯಾಸಿಗಳು, ಆಗ ಹಣಕಾಸು ಇಲಾಖೆಯ ನೌಕರಿಯಲ್ಲಿದ್ದ ಸಿ.ವಿ. ರಾಮನ್ ಎಲ್ಲರೂ ಅಲ್ಲಿದ್ದರು. ಉತ್ಸಾಹಕ್ಕೇನೂ ಕೊರತೆಯಿರಲಿಲ್ಲ, ಆದರೆ ಖಗೋಳವನ್ನೇ ವೃತ್ತಿ ಮಾಡಿಕೊಂಡವರು ಬೆರಳೆಣಿಕೆಯಷ್ಟು. ಸಂಘ ಬಹುಕಾಲ ಬಾಳಲಿಲ್ಲ.

ಎರಡನೆಯದು ಹುಟ್ಟಿದ್ದು 1972ರಲ್ಲಿ. ಅಷ್ಟರಲ್ಲಿ ಊಟಿಯ ರೇಡಿಯೊ ದೂರದರ್ಶಕ ಕೆಲಸ ಆರಂಭಿಸಿತ್ತು, ಕೊಡೈಕೆನಾಲಿನ ವೀಕ್ಷಣಾಲಯ ಸ್ವಾಯತ್ತ ಸಂಸ್ಥೆಯಾಗಿತ್ತು, ನೈನಿತಾಲ್, ಅಹಮದಾಬಾದ್, ಹೈದರಾಬಾದುಗಳಲ್ಲಿ ಸಂಶೋಧಕರಿದ್ದರು. ಅವರನ್ನು ಒಂದೆಡೆ ಸೇರಿಸುವ ವೇದಿಕೆ ಮಾತ್ರ ಇರಲಿಲ್ಲ. ಖಗೋಳವಿಜ್ಞಾನಿ ವೇಣು ಬಾಪು ಮುಂತಾದವರ ಮುತುವರ್ಜಿಯಿಂದ ರೂಪುಗೊಂಡ ಭಾರತೀಯ ಖಗೋಳ ಸಂಘದ ನೋಂದಾಯಿತ ಕಚೇರಿ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿದೆ. ಬಾಪು ಅವರ ತಂದೆ ದುಡಿದ ನಿಜಾಮಿಯಾ ವೀಕ್ಷಣಾಲಯ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಸಂಘದ ಬಳಿ ಒಂದು ದೂರದರ್ಶಕವೂ ಇಲ್ಲ. ಅದು ಕೊಡುವುದು ಸಮಾನಸ್ಕಂಧರ ವಿಮರ್ಶೆಯನ್ನು. ಮೊದಲು ತನ್ನದೇ ಬುಲೆಟಿನ್ ತಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತರುವ ಖಭೌತ ನಿಯತಕಾಲಿಕಕ್ಕೆ ಈಗ ಸಹಯೋಗ ನೀಡುತ್ತಿದೆ. ಉತ್ತಮ ಪಿಎಚ್.ಡಿ. ಪ್ರಬಂಧಕ್ಕೆ ಜಸ್ಟಿಸ್ ಓಕ್ ಪ್ರಶಸ್ತಿ ಕೊಡುತ್ತದೆ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು ವಾರ್ಷಿಕ ಸಮ್ಮೇಳನ. ಅಲ್ಲಿ ಮೊದಲ ವರ್ಷದ ಸಂಶೋಧನಾ ವಿದ್ಯಾರ್ಥಿನಿ ತನ್ನ ಪೋಸ್ಟರ್ ಪಕ್ಕ ನಿಂತಿರುತ್ತಾಳೆ. ಅವಳು ಪಠ್ಯದಲ್ಲಿ ಓದಿದ ವಿಜ್ಞಾನಿಯೇ ಬಂದು, ಗ್ರಾಫಿನ ಒಂದು ಚುಕ್ಕೆಗೆ ಬೆರಳಿಟ್ಟು, 'ಇದೇಕೆ ಗೆರೆಯಿಂದ ಇಷ್ಟು ದೂರ?' ಎಂದು ಕೇಳಬಹುದು. ಆ ಒಂದು ಪ್ರಶ್ನೆಯಿಂದ ಅವಳ ಮುಂದಿನ ವರ್ಷದ ಕೆಲಸದ ದಿಕ್ಕೇ ಬದಲಾದೀತು. ವಿಭಾಗಗಳಲ್ಲಿ ಒಬ್ಬಂಟಿಯಾಗಿ ದುಡಿಯುವವರಿಗೆ ಇಂಥ ಮಾತುಕತೆ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಜನರೊಡನೆ ಮಾತಾಡುವ ಹೊಣೆಯನ್ನು ಸಂಘ ವ್ಯವಸ್ಥಿತವಾಗಿ ಹೊತ್ತದ್ದು ತಡವಾಗಿಯೇ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋದಾಗ ವಿಜ್ಞಾನಿಗಳು ರಾಯಚೂರಿನ ಬಳಿ ಶಿಬಿರ ಹೂಡಿದ್ದರು. ಬಹುಪಾಲು ಜನ ಬಾಗಿಲು ಹಾಕಿಕೊಂಡು ಮನೆಯೊಳಗಿದ್ದರು. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣವಾಗುವ ಹೊತ್ತಿಗೆ ಸಂಘಕ್ಕೆ ಜನಸಂಪರ್ಕಕ್ಕೆಂದೇ ಒಂದು ಸಮಿತಿ ಇತ್ತು. ಸುರಕ್ಷಿತವಾಗಿ ನೋಡುವುದು ಹೇಗೆಂದು ಅದು ತಿಳಿಹೇಳಿತು. ಆದರೂ ಅಂದು ಊಟ ಬಿಟ್ಟು ಒಳಗೇ ಕೂತ ಮನೆಗಳು ಕಡಿಮೆಯೇನಿರಲಿಲ್ಲ.

ಇಂಥ ಮನೆಗಳಿಗೆ ಹತ್ತಿರವಿರುವವರು ಊರಿನ ಅಧ್ಯಾಪಕರು. ಸಂಘದ 2024ರ ವಾರ್ಷಿಕ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಮುಂದೊಮ್ಮೆ ಇಲ್ಲಿ ನಡೆದಾಗ ಒಂದು ಪೂರ್ತಿ ದಿನವನ್ನು ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳ ಭೌತಶಾಸ್ತ್ರ ಅಧ್ಯಾಪಕರಿಗೆ ಮೀಸಲಿಡಲಿ, ಅಂದಿನ ಮಾತು ಕನ್ನಡದಲ್ಲಿ ನಡೆಯಲಿ ಎಂದು ಸಂಘವನ್ನು ಕೇಳಿಕೊಳ್ಳುತ್ತೇನೆ.