ಆಂತರಿಕ ವಿಷಯವೆಂಬ ವಾದ: 1946ರಿಂದ ಡರ್ಬನ್‌ವರೆಗೆ

ವರ್ಣಭೇದದ ವಿರುದ್ಧ ಸರ್ಕಾರಗಳು ಒಟ್ಟಾಗಿ ನಡೆಸಿದ ಹೋರಾಟದ ಚರಿತ್ರೆಯಲ್ಲಿ 1946 ನಿರ್ಣಾಯಕ ವರ್ಷ. ನಟಾಲ್ ಪ್ರಾಂತ್ಯದ ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂಬುದಕ್ಕೆ ಕಟ್ಟುಪಾಡು ಹಾಕುವ ಕಾಯ್ದೆಯನ್ನು ದಕ್ಷಿಣ ಆಫ್ರಿಕಾ ಆ ವರ್ಷ ಜಾರಿಗೆ ತಂದಿತು. ಅದಕ್ಕೆ ತುತ್ತಾದವರು ಅದನ್ನು ಘೆಟ್ಟೊ ಕಾಯ್ದೆ ಎಂದರು. ಇನ್ನೂ ಸ್ವಾತಂತ್ರ್ಯ ಪಡೆಯದ ಭಾರತ ದೂರನ್ನು ವಿಶ್ವಸಂಸ್ಥೆಗೆ ಒಯ್ದಿತು.

ಮಹಾಸಭೆಯಲ್ಲಿ ದಕ್ಷಿಣ ಆಫ್ರಿಕಾದ ಪ್ರಧಾನಿ ಯಾನ್ ಸ್ಮಟ್ಸ್ ಮುಂದಿಟ್ಟದ್ದು ಒಂದೇ ವಾದ: ಇದು ನಮ್ಮ ಆಂತರಿಕ ವಿಷಯ, ಸನ್ನದಿನ 2ನೆಯ ವಿಧಿಯ 7ನೆಯ ಉಪವಿಧಿಯ ಪ್ರಕಾರ ಹೊರಗಿನವರು ತಲೆಹಾಕುವಂತಿಲ್ಲ. ಅದೇ ಸನ್ನದಿನ ಪೀಠಿಕೆಯ ರಚನೆಯಲ್ಲಿ ಸ್ಮಟ್ಸ್ ಅವರ ಕೈಯೂ ಇತ್ತೆಂಬುದನ್ನು ಮರೆಯಲಾಗದು. ವಿಜಯಲಕ್ಷ್ಮಿ ಪಂಡಿತ್ ನೇತೃತ್ವದ ಭಾರತೀಯ ನಿಯೋಗ ಈ ವಾದವನ್ನು ನೇರವಾಗಿ ಎದುರಿಸಿತು. ಡಿಸೆಂಬರ್ 8ರಂದು ನಡೆದ ಮತದಾನದಲ್ಲಿ ನಿರ್ಣಯದ ಪರ 32 ಮತ, ವಿರುದ್ಧ 15 ಮತ ಬಿದ್ದವು. 7 ದೇಶಗಳು ತಟಸ್ಥವಾಗಿದ್ದವು. ಬ್ರಿಟನ್, ಅಮೆರಿಕ ಎರಡೂ ವಿರುದ್ಧವಾಗಿದ್ದವು. ಒಂದು ದೇಶ ತನ್ನ ಪ್ರಜೆಗಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂದು ಉಳಿದವರು ಕೇಳಬಹುದೆಂಬ ರೂಢಿ ಬೇರುಬಿಟ್ಟದ್ದು ಇಲ್ಲಿಂದ.

ಭಾರತ ಬರೀ ಮಾತಿಗೆ ನಿಲ್ಲಲಿಲ್ಲ ಎಂಬುದು ಇಲ್ಲಿ ಮುಖ್ಯ. ಮಹಾಸಭೆ ಸೇರುವ ಮೊದಲೇ, ಜುಲೈನಲ್ಲಿ, ಆ ದೇಶದೊಂದಿಗಿನ ವ್ಯಾಪಾರವನ್ನು ಅದು ನಿಲ್ಲಿಸಿತ್ತು. ದಕ್ಷಿಣ ಆಫ್ರಿಕಾದ ಧಾನ್ಯ ತುಂಬಲು ಬೇಕಾದ ಗೋಣಿಚೀಲ ಇಲ್ಲಿಂದ ಹಡಗೇರುತ್ತಿದ್ದ ಮುಖ್ಯ ಸರಕಾಗಿತ್ತು. ಆ ಮಾರುಕಟ್ಟೆಯನ್ನು ನಾವು ತಿಳಿದೇ ಬಿಟ್ಟುಕೊಟ್ಟೆವು. 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿದ್ದ ಭಾರತ ತಂಡ ದಕ್ಷಿಣ ಆಫ್ರಿಕಾ ವಿರುದ್ಧ ಆಡಲು ಒಪ್ಪದೆ ಕಪ್ಪನ್ನೇ ಕೈಬಿಟ್ಟಿತು. ಆಟಗಾರರ ಪಾಲಿಗೆ ಅದು ಸಣ್ಣ ನಷ್ಟವಲ್ಲ.

ನಷ್ಟ ಹೊರಲು ಒಪ್ಪದ ದೇಶಗಳ ಕಥೆಯೇ ಬೇರೆ. 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಮಂದಿಯನ್ನು ಗುಂಡಿಟ್ಟು ಕೊಂದರು. 1962ರಲ್ಲಿ ಮಹಾಸಭೆ ರಾಜತಾಂತ್ರಿಕ ಸಂಬಂಧ ಕಡಿಯುವಂತೆ, ವ್ಯಾಪಾರ ಬಹಿಷ್ಕರಿಸುವಂತೆ ಕರೆ ಕೊಟ್ಟಿತು. ಆದರೆ ದಕ್ಷಿಣ ಆಫ್ರಿಕಾದ ದೊಡ್ಡ ವ್ಯಾಪಾರ ಪಾಲುದಾರರು ಕಿವಿಗೊಡಲಿಲ್ಲ. 1974ರಲ್ಲಿ ಆ ದೇಶವನ್ನು ವಿಶ್ವಸಂಸ್ಥೆಯಿಂದ ಹೊರಹಾಕುವ ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ ಬ್ರಿಟನ್, ಅಮೆರಿಕ, ಫ್ರಾನ್ಸ್ ಮೂರೂ ವೀಟೊ ಚಲಾಯಿಸಿದವು. ಶಸ್ತ್ರಾಸ್ತ್ರ ಮಾರಾಟದ ಮೇಲೆ ಕಡ್ಡಾಯ ನಿಷೇಧ ಬಂದದ್ದು 1977ರಲ್ಲಿ. 1985ರಲ್ಲಿ ಚೇಸ್ ಮ್ಯಾನ್‌ಹಟನ್ ಬ್ಯಾಂಕು ಸಾಲ ನವೀಕರಿಸಲು ನಿರಾಕರಿಸಿತು. ಮರುವರ್ಷ ಅಮೆರಿಕದ ಸಂಸತ್ತು ಅಧ್ಯಕ್ಷ ರೇಗನ್ ಅವರ ವೀಟೊವನ್ನೇ ಮೀರಿ ನಿರ್ಬಂಧ ವಿಧಿಸಿತು. ದೇಶದೊಳಗಿನ ಜನಹೋರಾಟಕ್ಕೆ ಹೊರಗಿನ ಒತ್ತಡ ನಿಜವಾದ ಬಲ ಕೊಟ್ಟದ್ದು ಆಗ. ನಾಲ್ಕು ದಶಕಗಳ ಈ ವಿಳಂಬಕ್ಕೆ ಕಾನೂನಿನ ಕೊರತೆ ಕಾರಣವಾಗಿರಲಿಲ್ಲ; ಲಾಭ ಬಿಡಲು ಮನಸ್ಸಿರಲಿಲ್ಲ.

ಈ ಚರಿತ್ರೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಲೇಬೇಕು. ಆದರೆ ಅದೇ 1946ರ ಜುಲೈನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅಮೆರಿಕದ ಕಪ್ಪು ಜನರ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಒಂದು ಪತ್ರ ಬರೆದರು. ಅಲ್ಲಿನ ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿ, ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆಂದು ತಿಳಿಸಿದರು. ಡುಬಾಯ್ಸ್ ತಿಂಗಳ ಕೊನೆಗೇ ಸಹಾನುಭೂತಿಯ ಉತ್ತರ ಕಳಿಸಿದರು. ಒಂದೇ ಬಾಗಿಲ ಮುಂದೆ ಭಾರತ ಸರ್ಕಾರವೂ ಭಾರತದ ದಲಿತರೂ ನಿಂತಿದ್ದ ಈ ಗಳಿಗೆಗೆ ಸಿಗಬೇಕಾದ ಮಹತ್ವ ನಮ್ಮ ಚರಿತ್ರೆಯ ಬರವಣಿಗೆಯಲ್ಲಿ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಜನಾಂಗೀಯ ತಾರತಮ್ಯ ನಿರ್ಮೂಲನಾ ಒಪ್ಪಂದವನ್ನು ಮಹಾಸಭೆ 1965ರಲ್ಲಿ ಅಂಗೀಕರಿಸಿತು. ಅದರ ಮೊದಲ ವಿಧಿಯಲ್ಲಿ ಜನಾಂಗ, ಬಣ್ಣಗಳ ಜೊತೆ ವಂಶಮೂಲವೂ ಸೇರಿದ್ದು ಭಾರತದ ಸೂಚನೆಯಿಂದಲೇ. ಭಾರತ ಅದನ್ನು 1968ರಲ್ಲಿ ಅನುಮೋದಿಸಿತು. ಆದರೆ 2001ರಲ್ಲಿ, ವರ್ಣಭೇದವನ್ನು ಸೋಲಿಸಿದ ದೇಶದ ಡರ್ಬನ್ ನಗರದಲ್ಲೇ ನಡೆದ ವಿಶ್ವ ಸಮ್ಮೇಳನಕ್ಕೆ ದಲಿತ ಸಂಘಟನೆಗಳು ಜಾತಿಯ ಪ್ರಶ್ನೆಯನ್ನು ಒಯ್ದಾಗ ಭಾರತ ಸರ್ಕಾರ ಪಟ್ಟು ಹಿಡಿದು ವಿರೋಧಿಸಿತು. ಜಾತಿ ಜನಾಂಗವಲ್ಲ, ಅದು ನಮ್ಮ ಆಂತರಿಕ ವಿಷಯ, ಅದಕ್ಕೆ ನಮ್ಮ ಸಂವಿಧಾನವೇ ಪರಿಹಾರ ಕೊಟ್ಟಿದೆ ಎಂಬುದು ಅದರ ನಿಲುವು. ಅಂತಿಮ ಘೋಷಣೆಯಲ್ಲಿ ಜಾತಿಯ ಹೆಸರೇ ಬರಲಿಲ್ಲ. ಮರುವರ್ಷ ಒಪ್ಪಂದದ ಸಮಿತಿ ತನ್ನ 29ನೆಯ ಸಾಮಾನ್ಯ ಶಿಫಾರಸಿನಲ್ಲಿ ವಂಶಮೂಲದ ತಾರತಮ್ಯದಲ್ಲಿ ಜಾತಿಯೂ ಅಡಕವಾಗಿದೆ ಎಂದು ಸ್ಪಷ್ಟಪಡಿಸಿತು.

ಜಾತಿಗೂ ಜನಾಂಗಕ್ಕೂ ಸಮಾಜಶಾಸ್ತ್ರೀಯ ವ್ಯತ್ಯಾಸವಿದೆ ಎಂಬ ಮಾತಿನಲ್ಲಿ ಹುರುಳಿದೆ. ಆಂದ್ರೆ ಬೆತೆಯ್ ಅವರಂಥ ವಿದ್ವಾಂಸರು ಅದನ್ನು ಗಂಭೀರವಾಗಿಯೇ ಮಂಡಿಸಿದ್ದಾರೆ. ಆದರೆ ಆ ವ್ಯತ್ಯಾಸ ಅಂತರರಾಷ್ಟ್ರೀಯ ಪರಿಶೀಲನೆಯನ್ನು ತಡೆಯುವ ಕಾರಣವಾಗದು. ನಮ್ಮ ಸಂವಿಧಾನದ 17ನೆಯ ವಿಧಿ, 1989ರ ದೌರ್ಜನ್ಯ ತಡೆ ಕಾಯ್ದೆ, ಮೀಸಲಾತಿ ಇವೆಲ್ಲ ಜಗತ್ತಿನೆದುರು ಧೈರ್ಯವಾಗಿ ಇಡಬಹುದಾದ ಸಾಧನೆಗಳು. ಇಡಲು ಹಿಂಜರಿದದ್ದೇ ನಮ್ಮ ಪಕ್ಷವನ್ನು ದುರ್ಬಲಗೊಳಿಸಿತು. ಸ್ಮಟ್ಸ್ ವಾದವನ್ನು ಮುರಿದ ದೇಶಕ್ಕೆ ಅದೇ ವಾದ ಎತ್ತುವ ನೈತಿಕ ಹಕ್ಕಿರಲಿಲ್ಲ. ತಾರತಮ್ಯಕ್ಕೆ ಒಳಗಾದ ವ್ಯಕ್ತಿ ನೇರವಾಗಿ ಸಮಿತಿಗೆ ದೂರು ಕೊಡಲು ಒಪ್ಪಂದದ 14ನೆಯ ವಿಧಿ ಅವಕಾಶ ಕೊಡುತ್ತದೆ, ಆದರೆ ಅದಕ್ಕೆ ಆಯಾ ಸರ್ಕಾರ ಮೊದಲು ಸಮ್ಮತಿಸಿರಬೇಕು. ಭಾರತ ಆ ಸಮ್ಮತಿ ಕೊಟ್ಟಿಲ್ಲ. ಅದನ್ನು ಕೊಡಬೇಕೆಂದು ನಮ್ಮ ಸಂಸತ್ ಸದಸ್ಯರು, ಕಾನೂನು ವಿದ್ವಾಂಸರು ಸರ್ಕಾರವನ್ನು ಒತ್ತಾಯಿಸಬೇಕು.